ಎಣಿಕೆಗೆ ಸಿಗದ್ದನ್ನು ಎಣಿಸಲು ದಾರಿ ತೋರಿದ ಅವೊಗಾಡ್ರೊ

ಬಾಳೆಹಣ್ಣನ್ನು ನಾವು ಡಜನ್ ಲೆಕ್ಕದಲ್ಲಿ ಕೊಳ್ಳುತ್ತೇವೆ, ವೀಳ್ಯದೆಲೆಯನ್ನು ಎಣಿಸಿ ಕಟ್ಟು ಕಟ್ಟುತ್ತೇವೆ. ಅಕ್ಕಿಯನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಪಾವಿನಲ್ಲೋ ಸೇರಿನಲ್ಲೋ ಅಳೆಯುತ್ತೇವೆ. ಹಾಗಾದರೆ ಕಣ್ಣಿಗೇ ಕಾಣದ ಅಣುಗಳನ್ನು ಎಣಿಸುವುದು ಹೇಗೆ? ನಮ್ಮ ಮಕ್ಕಳು ಶಾಲೆಯ ರಸಾಯನಶಾಸ್ತ್ರದಲ್ಲಿ ಮಾಡುವ ‘ಮೋಲ್’ ಲೆಕ್ಕವೇ ಇದಕ್ಕೆ ಉತ್ತರ. ಆ ಲೆಕ್ಕಕ್ಕೆ ತಳಪಾಯ ಹಾಕಿದ ಅಮೆಡಿಯೊ ಅವೊಗಾಡ್ರೊ ಅವರನ್ನು ಇಲ್ಲಿ ಸ್ಮರಿಸಲು ಬಯಸುತ್ತೇವೆ.

ಅವೊಗಾಡ್ರೊ ಹುಟ್ಟಿದ್ದು 1776ರ ಆಗಸ್ಟ್ 9ರಂದು, ಇಂದಿನ ಇಟಲಿಯ ಟ್ಯೂರಿನ್ ನಗರದಲ್ಲಿ. ಮನೆತನದ ವೃತ್ತಿ ನ್ಯಾಯಶಾಸ್ತ್ರ. ಅವರೂ ಅದೇ ಹಾದಿ ಹಿಡಿದು, 20ನೆಯ ವಯಸ್ಸಿಗೇ ಧರ್ಮಶಾಸನದಲ್ಲಿ ಪದವಿ ಪಡೆದು ವಕೀಲರಾದರು. ಆದರೆ ಮನಸ್ಸು ಗಣಿತ, ಭೌತಶಾಸ್ತ್ರಗಳತ್ತ ಎಳೆಯುತ್ತಿತ್ತು. ಸ್ವಂತ ಪರಿಶ್ರಮದಿಂದ ಅವನ್ನು ಅಭ್ಯಾಸ ಮಾಡಿ, 1809ರಲ್ಲಿ ವೆರ್ಚೆಲ್ಲಿ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ ಅಧ್ಯಾಪಕರಾದರು.

ಆಗ ವಿಜ್ಞಾನಿಗಳನ್ನು ಒಂದು ಒಗಟು ಕಾಡುತ್ತಿತ್ತು. ಎರಡು ಪಾಲು ಜಲಜನಕ ಒಂದು ಪಾಲು ಆಮ್ಲಜನಕದೊಡನೆ ಕೂಡಿದರೆ ಎರಡು ಪಾಲು ನೀರಾವಿ ಬರುತ್ತದೆ. ಅನಿಲಗಳು ಹೀಗೆ ಸರಳ ಅನುಪಾತದಲ್ಲೇ ಕೂಡುತ್ತವೆ ಎಂದು ಫ್ರಾನ್ಸಿನ ಗೇ-ಲುಸಾಕ್ 1808ರಲ್ಲಿ ತೋರಿಸಿದ್ದರು. ಆದರೆ ಒಂದು ಪಾಲು ಆಮ್ಲಜನಕ ಎರಡು ಪಾಲು ನೀರಾವಿಗೆ ಹಂಚಿಹೋಗಬೇಕಾದರೆ ಅದರ ಪ್ರತಿ ಕಣವೂ ಎರಡಾಗಬೇಕು. ಪರಮಾಣು ಒಡೆಯುವಂಥದ್ದಲ್ಲ ಎಂದು ಇಂಗ್ಲೆಂಡಿನ ಡಾಲ್ಟನ್ ಸಾರಿದ್ದರು. ಇವೆರಡನ್ನೂ ಹೊಂದಿಸುವುದು ಹೇಗೆ?

1811ರಲ್ಲಿ ಅವೊಗಾಡ್ರೊ ಪರಿಹಾರ ಸೂಚಿಸಿದರು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಎಲ್ಲ ಅನಿಲಗಳಲ್ಲಿಯೂ ಅಣುಗಳ ಸಂಖ್ಯೆ ಸಮವಾಗಿರುತ್ತದೆ. ಆಮ್ಲಜನಕದ ಅಣು ಒಂಟಿ ಪರಮಾಣುವಲ್ಲ, ಜೋಡಿ. ಜೋಡಿ ಬಿಡಿಸಿಕೊಳ್ಳಬಹುದು, ಪರಮಾಣು ಒಡೆಯಬೇಕಿಲ್ಲ. ಒಗಟು ಬಿಡಿಸಿತು.

ಇದರಿಂದಾದ ಲಾಭ ದೊಡ್ಡದು. ಸಮಗಾತ್ರದ ಎರಡು ಅನಿಲಗಳನ್ನು ತೂಗಿದರೆ ಅವುಗಳ ಅಣುಗಳ ತೂಕದ ಅನುಪಾತ ಸಿಕ್ಕಿತು. ಆಮ್ಲಜನಕ ಜಲಜನಕಕ್ಕಿಂತ ಸುಮಾರು 16 ಪಟ್ಟು ಭಾರ. ಹಾಗಾಗಿ 2 ಗ್ರಾಂ ಜಲಜನಕದಲ್ಲಿ ಎಷ್ಟು ಅಣುಗಳಿವೆಯೋ 32 ಗ್ರಾಂ ಆಮ್ಲಜನಕದಲ್ಲಿಯೂ ಅಷ್ಟೇ. ಎಷ್ಟು ಎಂಬುದು ಗೊತ್ತಿಲ್ಲದಿದ್ದರೂ ಸಮ ಎಂಬುದು ಗೊತ್ತು. ತಕ್ಕಡಿಯೇ ಎಣಿಕೆಯ ಸಾಧನವಾಯಿತು!

ಆದರೆ ಈ ಮಾತಿಗೆ ಕಿವಿಗೊಟ್ಟವರು ಕಡಿಮೆ. ಒಂದೇ ಬಗೆಯ ಎರಡು ಪರಮಾಣುಗಳು ಒಂದನ್ನೊಂದು ದೂರ ತಳ್ಳಬೇಕೇ ಹೊರತು ಕೂಡಲಾರವು ಎಂಬುದು ಸ್ವೀಡನ್ನಿನ ಬರ್ಸೀಲಿಯಸ್‌ರಂಥ ಘನ ವಿದ್ವಾಂಸರ ನಂಬಿಕೆಯಾಗಿತ್ತು. 1820ರಲ್ಲಿ ಅವೊಗಾಡ್ರೊ ಟ್ಯೂರಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮರುವರ್ಷ ಆ ರಾಜ್ಯದಲ್ಲಿ ದಂಗೆ ಎದ್ದಿತು. ಅದರ ನಂತರದ ಕ್ರಮಗಳಲ್ಲಿ ಅವರ ಪೀಠವೇ ರದ್ದಾಯಿತು. 1834ರಲ್ಲಿ ಮತ್ತೆ ಆ ಸ್ಥಾನಕ್ಕೆ ಬಂದು, 1850ರವರೆಗೆ ಪಾಠ ಹೇಳಿದರು. 1856ರ ಜುಲೈ 9ರಂದು ಕಣ್ಣು ಮುಚ್ಚಿದಾಗ ಅವರ ಸಿದ್ಧಾಂತ ಮೂಲೆಗುಂಪಾಗಿಯೇ ಇತ್ತು.

ಇತ್ತ ರಸಾಯನಶಾಸ್ತ್ರ ಗೊಂದಲದ ಗೂಡಾಗಿತ್ತು. ಪರಮಾಣು ತೂಕಗಳ ಬಗ್ಗೆ ಒಬ್ಬರಂತೆ ಇನ್ನೊಬ್ಬರಿಲ್ಲ. ವಿನೆಗರ್‌ನಲ್ಲಿರುವ ಒಂದು ಆಮ್ಲಕ್ಕೇ 19 ಬಗೆಯ ಸೂತ್ರಗಳು ಚಲಾವಣೆಯಲ್ಲಿದ್ದುದನ್ನು ಜರ್ಮನಿಯ ಕೆಕ್ಯುಲೆ ತಮ್ಮ ಗ್ರಂಥದಲ್ಲಿ ಪಟ್ಟಿ ಮಾಡಿದರು. ಇದನ್ನು ಬಗೆಹರಿಸಲು 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸುಮಾರು 140 ರಸಾಯನಶಾಸ್ತ್ರಜ್ಞರು ಸೇರಿದರು. ಅಲ್ಲಿ ಇಟಲಿಯ ಕ್ಯಾನಿಜಾರೊ ಅವೊಗಾಡ್ರೊ ಸಿದ್ಧಾಂತವನ್ನು ಎತ್ತಿ ಹಿಡಿದರು. ಅವರ ಕಿರುಹೊತ್ತಗೆಯನ್ನು ಬಂದವರಿಗೆಲ್ಲ ಹಂಚಲಾಯಿತು. ಓದಿದವರ ಸಂಶಯ ಒಂದೊಂದಾಗಿ ಕರಗಿತು. ಸಭೆಯಲ್ಲಿದ್ದ ರಷ್ಯದ ಮೆಂಡಲೀಫ್ ಮುಂದೆ 1869ರಲ್ಲಿ ಮೂಲವಸ್ತುಗಳ ಕೋಷ್ಟಕ ರಚಿಸಿದ್ದು ಹೀಗೆ ತಿದ್ದಿದ ತೂಕಗಳ ಆಧಾರದ ಮೇಲೆಯೇ. ಅವೊಗಾಡ್ರೊ ತೀರಿಕೊಂಡು ಆಗ 13 ವರ್ಷ.

‘ಅವೊಗಾಡ್ರೊ ಸಂಖ್ಯೆ’ಯನ್ನು ಅವೊಗಾಡ್ರೊ ಕಂಡವರೇ ಅಲ್ಲ. ಫ್ರಾನ್ಸಿನ ಜ್ಯಾ ಪೆರ‍್ಯಾ ತಮ್ಮ ಪ್ರಯೋಗಗಳಿಂದ ಅದನ್ನು ಅಂದಾಜು ಮಾಡಿ, 1909ರಲ್ಲಿ ಈ ಹೆಸರಿಟ್ಟು ಹಿರಿಯರ ಋಣ ತೀರಿಸಿದರು. 602 ಎಂದು ಬರೆದು ಮುಂದೆ 21 ಸೊನ್ನೆಗಳನ್ನಿಟ್ಟರೆ ಸರಿಸುಮಾರು ಆ ಸಂಖ್ಯೆ. ಅಷ್ಟು ಕಣಗಳಿದ್ದರೆ ಒಂದು ಮೋಲ್. 18 ಗ್ರಾಂ ನೀರಿನಲ್ಲಿ, ಅಂದರೆ ಒಂದೇ ಗುಟುಕಿನಲ್ಲಿ, ಅಷ್ಟು ಅಣುಗಳಿವೆ! 1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿತು. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ನಿಖರವಾಗಿ ನಿಗದಿಪಡಿಸಿ ಮೋಲ್‌ಗೆ ಹೊಸ ವ್ಯಾಖ್ಯೆ ಕೊಡಲಾಗಿದೆ.

ಕನ್ನಡದಲ್ಲಿ ಓದಿದ ನಮ್ಮಲ್ಲಿ ಹಲವರು ಜಲಜನಕ, ಆಮ್ಲಜನಕ ಎಂದೇ ಕಲಿತೆವು. ಮಕ್ಕಳು ಹೈಡ್ರೋಜನ್, ಆಕ್ಸಿಜನ್ ಎನ್ನುತ್ತಾರೆ. ಹೆಸರು ಯಾವುದಾದರೇನು, 2 ಗ್ರಾಂಗೆ 32 ಗ್ರಾಂ ಸಮ ಎಂಬ ಲೆಕ್ಕ ಬದಲಾಗದು. ಮೋಲ್ ಲೆಕ್ಕ ತಲೆಗೆ ಹತ್ತುತ್ತಿಲ್ಲವೆಂದು ಮಗುವೊಂದು ಕೈಚೆಲ್ಲಿ ಕುಳಿತರೆ ಈ ಕಥೆ ಹೇಳೋಣ. ಯೂರೋಪಿನ ಮಹಾವಿದ್ವಾಂಸರಿಗೇ ಅದು ಅರ್ಥವಾಗಲು ಸುಮಾರು 50 ವರ್ಷ ಹಿಡಿಯಿತು; ನಮ್ಮ ಮಕ್ಕಳಿಗೆ ಇನ್ನೊಂದು ಸಂಜೆ ಹಿಡಿದರೆ ತಪ್ಪೇನಿಲ್ಲ.