ಗಾಳಿಯಿಂದ ಗಾಡಿಯನ್ನು ನಿಲ್ಲಿಸಿದವನು

ವಾಹನಗಳನ್ನು ಓಡಿಸುವ ವಿದ್ಯೆಯನ್ನು ಕಲಿಸಿಕೊಟ್ಟವರ ಹೆಸರುಗಳು ಎಲ್ಲರಿಗೂ ಪರಿಚಿತ. ಉಗಿಯಂತ್ರವೆಂದೊಡನೆ ಜೇಮ್ಸ್ ವಾಟ್, ರೈಲುಬಂಡಿಯೆಂದೊಡನೆ ಜಾರ್ಜ್ ಸ್ಟೀಫನ್‌ಸನ್ ನಮ್ಮ ನೆನಪಿಗೆ ಬರುತ್ತಾರೆ. ಆದರೆ ಓಡುವ ವಾಹನವನ್ನು ಬೇಕೆಂದಾಗ, ಬೇಕೆಂದಲ್ಲಿ ನಿಲ್ಲಿಸುವುದು ಓಡಿಸುವುದಕ್ಕಿಂತ ಕಿರಿದಾದ ವಿದ್ಯೆಯೇನಲ್ಲ. ಎತ್ತಿನ ಗಾಡಿಯನ್ನು ನಿಲ್ಲಿಸಲು ಹಗ್ಗವನ್ನು ಜಗ್ಗಿದರೆ ಸಾಕು. ಎದುರಿಗೆ ಹಳ್ಳ ಬಂದರೆ ನಿಲ್ಲಬೇಕೆಂಬ ಅರಿವು ಎತ್ತುಗಳಿಗೂ ಉಂಟು. ಕಬ್ಬಿಣದ ಕಂಬಿಗಳ ಮೇಲೆ ನೂರಾರು ಟನ್ ಭಾರವನ್ನು ಎಳೆದುಕೊಂಡು ಧಾವಿಸುವ ಉಗಿಬಂಡಿಗೆ ಅಂತಹ ಅರಿವೆಲ್ಲಿಯದು? ಮೊದಲ ರೈಲುಬಂಡಿಗಳು ಓಡಿ ನಲವತ್ತು ವರ್ಷಗಳು ಕಳೆದಿದ್ದರೂ ಅವುಗಳನ್ನು ನಿಲ್ಲಿಸುವ ಕೆಲಸ ಮನುಷ್ಯರ ತೋಳಿನ ಬಲವನ್ನೇ ನಂಬಿಕೊಂಡಿತ್ತು. ಈ ಕೊರತೆಯನ್ನು ನೀಗಿದವನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್.

ಜಾರ್ಜನು 1846ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ಸಂಸ್ಥಾನದ ಸೆಂಟ್ರಲ್ ಬ್ರಿಜ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆಯ ಹೆಸರೂ ಜಾರ್ಜ್ ಎಂದೇ. ಆತನು ಬೇಸಾಯದ ಯಂತ್ರಗಳನ್ನು ತಯಾರಿಸುತ್ತಿದ್ದನು. ಮುಂದೆ ಕುಟುಂಬವು ಸ್ಕೆನೆಕ್ಟಡಿ ನಗರಕ್ಕೆ ಬಂದು ನೆಲೆಸಿದಾಗ ಅಲ್ಲಿ ಒಂದು ಕಾರ್ಖಾನೆ ತಲೆಯೆತ್ತಿತು. ಹುಡುಗನಿಗೆ ಶಾಲೆಯ ಪಾಠಗಳಿಗಿಂತ ಈ ಕಾರ್ಖಾನೆಯೇ ಪ್ರಿಯವಾಗಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಹದಿಹರೆಯದ ಜಾರ್ಜನು ಉತ್ತರದ ಸೈನ್ಯವನ್ನು ಸೇರಿ, ಬಳಿಕ ನೌಕಾದಳದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕಿರಿಯ ಎಂಜಿನಿಯರನಾಗಿ ದುಡಿದನು. ಅವನ ಅಣ್ಣ ಆಲ್ಬರ್ಟನು ಆ ಯುದ್ಧದಲ್ಲಿ ಮಡಿದನು. ಯುದ್ಧ ಮುಗಿದ ಮೇಲೆ ಜಾರ್ಜನು ಯೂನಿಯನ್ ಕಾಲೇಜನ್ನು ಸೇರಿದನಾದರೂ ಮೂರು ತಿಂಗಳಿಗೇ ಅದನ್ನು ಬಿಟ್ಟು ತಂದೆಯ ಕಾರ್ಖಾನೆಗೆ ಮರಳಿದನು.

1866ರಲ್ಲಿ ಒಂದು ದಿನ ಅವನು ಸ್ಕೆನೆಕ್ಟಡಿ ಮತ್ತು ಟ್ರಾಯ್ ಊರುಗಳ ನಡುವೆ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಗಾಡಿ ದಾರಿಯಲ್ಲೇ ನಿಂತುಬಿಟ್ಟಿತು. ಮುಂದೆ ಎರಡು ಸರಕುಗಾಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಮುರಿದು ಬಿದ್ದಿದ್ದವು. ಅಂತಹ ಅಪಘಾತಗಳು ಆಗ ಅಪರೂಪವಾಗಿರಲಿಲ್ಲ. ಆದರೆ ಇಲ್ಲಿ ಜಾರ್ಜನನ್ನು ಚಿಂತೆಗೀಡುಮಾಡಿದ ಸಂಗತಿ ಬೇರೆ. ಅದು ಹಗಲು; ಹಾದಿ ನೇರವಾಗಿತ್ತು, ಸಮತಟ್ಟಾಗಿಯೂ ಇತ್ತು. ಎರಡು ಎಂಜಿನ್‌ಗಳ ಚಾಲಕರೂ ಒಬ್ಬರನ್ನೊಬ್ಬರು ಕಂಡಿದ್ದರು. ಕಂಡರೂ ನಿಲ್ಲಿಸುವುದು ಅವರಿಂದಾಗಲಿಲ್ಲ.

ಏಕಾಗಲಿಲ್ಲವೆಂಬುದು ತಿಳಿಯಬೇಕಾದರೆ ಆ ಕಾಲದ ಬ್ರೇಕಿನ ಕ್ರಮವನ್ನು ಅರಿಯಬೇಕು. ಪ್ರತಿಯೊಂದು ಡಬ್ಬಿಗೂ ಪ್ರತ್ಯೇಕವಾದ ಬ್ರೇಕು. ಅದನ್ನು ಬಿಗಿಯುವುದಕ್ಕೆ ಒಂದು ಕೈಚಕ್ರ. ಈ ಕೆಲಸಕ್ಕೆಂದು ನೇಮಕಗೊಂಡವರಿಗೆ ಬ್ರೇಕ್‌ಮನ್ ಎಂದು ಹೆಸರು. ಚಾಲಕನು ಸೀಟಿ ಊದಿದೊಡನೆ ಅವರು ಒಂದು ಡಬ್ಬಿಯ ಚಕ್ರವನ್ನು ಬಲವಾಗಿ ತಿರುಗಿಸಿ ಮುಂದಿನ ಡಬ್ಬಿಗೆ ಧಾವಿಸಬೇಕಾಗಿತ್ತು. ಸರಕುಗಾಡಿಗಳಲ್ಲಿ ಈ ಚಕ್ರಗಳು ಡಬ್ಬಿಗಳ ಮೇಲ್ಭಾಗದಲ್ಲಿರುತ್ತಿದ್ದವು. ಮಳೆ ಸುರಿಯುತ್ತಿರಲಿ, ಹಿಮ ಬಿದ್ದು ಹಲಗೆ ಜಾರುತ್ತಿರಲಿ, ಕಗ್ಗತ್ತಲೆಯಿರಲಿ, ಓಲಾಡುವ ಮಾಡಿನಿಂದ ಮಾಡಿಗೆ ದಾಟಲೇಬೇಕು. ಕಾಲು ತಪ್ಪಿದವನು ಗಾಲಿಗಳಡಿಗೆ ಬಿದ್ದಂತೆಯೇ. ಇಷ್ಟು ಪ್ರಾಣಗಳನ್ನು ಪಣಕ್ಕಿಟ್ಟರೂ ಗಾಡಿಯು ನಿಲ್ಲುವಷ್ಟರಲ್ಲಿ ಬಹುದೂರ ಸಾಗಿಬಿಡುತ್ತಿತ್ತು.

ಎಲ್ಲ ಡಬ್ಬಿಗಳ ಬ್ರೇಕುಗಳನ್ನೂ ಚಾಲಕನೊಬ್ಬನೇ ತಾನು ನಿಂತ ಸ್ಥಳದಿಂದ ಹಾಕುವಂತಿದ್ದರೆ? ಈ ಪ್ರಶ್ನೆಯನ್ನು ಜಾರ್ಜನು ಬೆನ್ನುಹತ್ತಿದನು. ಗಾಡಿಯ ಉದ್ದಕ್ಕೂ ಸರಪಣಿಯನ್ನು ಎಳೆದು ನೋಡುವ ಯೋಚನೆ ಮೊದಲು ಬಂದಿತು. ಉದ್ದನೆಯ ಗಾಡಿಗೆ ಅದು ಹೊಂದಲಿಲ್ಲ. ಉಗಿಯನ್ನೇ ಕೊಳವೆಯಲ್ಲಿ ಹಾಯಿಸೋಣವೆಂದರೆ ಹಿಂದಿನ ಡಬ್ಬಿಗಳನ್ನು ತಲುಪುವ ಮೊದಲೇ ಅದು ತಣಿದು ನೀರಾಗುವುದು. ಹೀಗೆ ದಾರಿಗಾಣದಿದ್ದಾಗ ಒಬ್ಬ ಯುವತಿ ಮಾಸಪತ್ರಿಕೆಗೆ ಚಂದಾ ಕೇಳಿಕೊಂಡು ಕಾರ್ಖಾನೆಗೆ ಬಂದಳು. ಜಾರ್ಜನು ಚಂದಾ ಕೊಟ್ಟನು. ಆ ಪತ್ರಿಕೆಯಲ್ಲಿ ಫ್ರಾನ್ಸ್ ಮತ್ತು ಇಟಲಿಗಳ ನಡುವಣ ಪರ್ವತದಲ್ಲಿ ಕೊರೆಯುತ್ತಿದ್ದ ಮಾಂಟ್ ಸೆನಿಸ್ ಸುರಂಗದ ಬಗೆಗೆ ಒಂದು ಲೇಖನವಿತ್ತು. ಸುರಂಗದ ಹೊರಗೆ ಯಂತ್ರಗಳಿಂದ ಗಾಳಿಯನ್ನು ಒತ್ತಡಕ್ಕೆ ಒಳಪಡಿಸಿ, ಕೊಳವೆಗಳ ಮೂಲಕ ಸಾವಿರಾರು ಅಡಿ ಒಳಗೆ ಸಾಗಿಸಿ, ಅದರ ಬಲದಿಂದ ಬಂಡೆಯನ್ನು ಕೊರೆಯುತ್ತಿದ್ದರು. ಗಾಳಿಯು ಉಗಿಯಂತೆ ನೀರಾಗಿಬಿಡುವುದಿಲ್ಲ. ಬಂಡೆಯನ್ನು ಕೊರೆಯುವ ಗಾಳಿ ಗಾಲಿಯನ್ನು ಹಿಡಿಯಲಾರದೆ? ಜಾರ್ಜನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು.

ಉತ್ತರ ಸಿಕ್ಕರೂ ಅದನ್ನು ಕೇಳುವವರಿರಲಿಲ್ಲ. ಅವನು ಪಿಟ್ಸ್‌ಬರ್ಗ್ ನಗರಕ್ಕೆ ಹೋಗಿ ನೆಲೆಸಿದನು. ಅಲ್ಲಿ ರಾಲ್ಫ್ ಬ್ಯಾಗಲಿ ಎಂಬ ಗೆಳೆಯನು ಹಣದ ನೆರವನ್ನು ನೀಡಿದನು. ಕೊನೆಗೆ ಒಂದು ರೈಲು ಕಂಪನಿಯು ಪ್ರಯೋಗಕ್ಕೆಂದು ಎಂಜಿನ್ನನ್ನೂ ನಾಲ್ಕು ಡಬ್ಬಿಗಳನ್ನೂ ಒದಗಿಸಿತು. ಆದರೆ ಉಪಕರಣಗಳ ವೆಚ್ಚವೆಲ್ಲ ವೆಸ್ಟಿಂಗ್‌ಹೌಸನದು, ಗಾಡಿಗೆ ಹಾನಿಯಾದರೆ ಅದನ್ನು ತುಂಬಿಕೊಡುವ ಹೊಣೆಯೂ ಅವನದೇ! ಪಿಟ್ಸ್‌ಬರ್ಗ್‌ನಿಂದ ಹೊರಟ ಆ ಗಾಡಿ ಒಂದು ಸುರಂಗವನ್ನು ದಾಟಿ ಹೊರಬಂದಿತೋ ಇಲ್ಲವೋ, ಮುಂದೆ ರಸ್ತೆ ಕೂಡುವೆಡೆಯಲ್ಲಿ ಕುದುರೆ ಬಂಡಿಯೊಂದು ಕಂಬಿಗಳ ಮೇಲೆ ಸಿಕ್ಕಿಕೊಂಡಿತ್ತು. ಗಾಬರಿಗೊಂಡ ಕುದುರೆಗಳ ಸೆಳೆತಕ್ಕೆ ಬಂಡಿಯವನು ಕಂಬಿಗಳ ಮೇಲೆಯೇ ಉರುಳಿಬಿದ್ದನು. ಎಂಜಿನ್ನಿನ ಚಾಲಕ ಡೇನಿಯಲ್ ಟೇಟನು ಹೊಸ ಬ್ರೇಕಿನ ಹಿಡಿಯನ್ನು ಒಮ್ಮೆಲೇ ತಿರುಗಿಸಿದನು. ಹಿಂದಿನ ಡಬ್ಬಿಯಲ್ಲಿ ಪ್ರಯೋಗ ನೋಡಲು ಕುಳಿತಿದ್ದ ಗಣ್ಯರು ಆಸನಗಳಿಂದ ಮುಗ್ಗರಿಸಿದರು. ಗಾಡಿಯು ಬಿದ್ದವನಿಂದ ಸುಮಾರು ನಾಲ್ಕು ಅಡಿ ದೂರದಲ್ಲಿ ನಿಂತಿತು. ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಯಾರು ತಾನೆ ಏರ್ಪಡಿಸಬಲ್ಲರು? 1869ರ ಏಪ್ರಿಲ್ 13ರಂದು ಗಾಳಿಬ್ರೇಕಿಗೆ ಪೇಟೆಂಟ್ ದೊರೆಯಿತು. ಅದೇ ವರ್ಷ ಅದನ್ನು ತಯಾರಿಸುವ ಕಂಪನಿಯೂ ಆರಂಭವಾಯಿತು. ಆಗ ಅವನಿಗೆ ವಯಸ್ಸು 22.

ಇನ್ನೊಬ್ಬನಾಗಿದ್ದರೆ ಇಷ್ಟಕ್ಕೇ ತೃಪ್ತನಾಗುತ್ತಿದ್ದನೇನೋ. ವೆಸ್ಟಿಂಗ್‌ಹೌಸನ ನಿಜವಾದ ಹಿರಿಮೆ ತೋರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೊದಲ ಬ್ರೇಕಿನಲ್ಲಿ ಎಂಜಿನ್ನಿನ ಬಳಿಯ ತೊಟ್ಟಿಯಿಂದ ಗಾಳಿಯು ಕೊಳವೆಯಲ್ಲಿ ಹರಿದು ಬಂದು ಡಬ್ಬಿಗಳ ಬ್ರೇಕುಗಳನ್ನು ಬಿಗಿಯುತ್ತಿತ್ತು. ಅಂದರೆ ಗಾಳಿ ಬಂದರೆ ಗಾಡಿ ನಿಲ್ಲುತ್ತದೆ. ಕೊಳವೆಯೇ ಒಡೆದರೆ? ಡಬ್ಬಿಗಳ ಕೊಂಡಿ ಕಳಚಿ ಗಾಡಿ ಎರಡು ತುಂಡಾದರೆ? ಬ್ರೇಕು ಅತ್ಯಗತ್ಯವಾದ ಆ ಗಳಿಗೆಯಲ್ಲೇ ಅದು ಇಲ್ಲವಾಗುತ್ತಿತ್ತು.

1872ರಲ್ಲಿ ಅವನು ಇಡೀ ಕ್ರಮವನ್ನು ತಲೆಕೆಳಗು ಮಾಡಿದನು. ಪ್ರತಿಯೊಂದು ಡಬ್ಬಿಯ ಅಡಿಯಲ್ಲೂ ಗಾಳಿಯ ಒಂದು ಪುಟ್ಟ ತೊಟ್ಟಿಯನ್ನಿರಿಸಿದನು. ಗಾಡಿಯು ಓಡುತ್ತಿರುವಾಗ ಉದ್ದನೆಯ ಕೊಳವೆಯಲ್ಲಿ ಒತ್ತಡದ ಗಾಳಿ ಸದಾ ತುಂಬಿರುತ್ತದೆ, ತೊಟ್ಟಿಗಳೂ ತುಂಬಿರುತ್ತವೆ. ಕೊಳವೆಯ ಒತ್ತಡ ಇರುವವರೆಗೆ ಬ್ರೇಕುಗಳು ಸಡಿಲವಾಗಿರುತ್ತವೆ. ಚಾಲಕನು ಕೊಳವೆಯಿಂದ ಸ್ವಲ್ಪ ಗಾಳಿಯನ್ನು ಹೊರಬಿಟ್ಟೊಡನೆ ಪ್ರತಿ ಡಬ್ಬಿಯಲ್ಲಿರುವ ಒಂದು ಕವಾಟವು ಸರಿದು, ಆ ಡಬ್ಬಿಯ ತೊಟ್ಟಿಯಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕಿನತ್ತ ಹಾಯಿಸುತ್ತದೆ. ತೊಟ್ಟಿಯನ್ನು ತುಂಬುವುದು, ಬ್ರೇಕನ್ನು ಬಿಗಿಯುವುದು, ಮತ್ತೆ ಸಡಿಲಿಸುವುದು ಎಂಬ ಮೂರು ಕೆಲಸಗಳನ್ನು ಮಾಡುವುದರಿಂದ ಇದಕ್ಕೆ ಟ್ರಿಪಲ್ ವಾಲ್ವ್ ಎಂಬ ಹೆಸರು ಬಂದಿತು. ಈಗ ಕೊಳವೆ ಒಡೆದರೂ, ಕೊಂಡಿ ಕಳಚಿದರೂ ಗಾಳಿ ಸೋರಿಹೋಗಿ ಎರಡೂ ತುಂಡುಗಳ ಬ್ರೇಕುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕೆಡುವುದೇ ನಿಲ್ಲುವುದಕ್ಕೆ ಕಾರಣವಾಗುವಂತೆ ಯಂತ್ರವನ್ನು ರೂಪಿಸಿದ ಈ ಬುದ್ಧಿ ಗಾಳಿಬ್ರೇಕಿಗಿಂತಲೂ ದೊಡ್ಡದು.

ಈ ಭೇದವು ಬರಿಯ ಎಂಜಿನಿಯರರ ಚರ್ಚೆಯ ವಿಷಯವಾಗಿರಲಿಲ್ಲವೆಂಬುದಕ್ಕೆ ಐರ್ಲೆಂಡಿನ ಒಂದು ದುರಂತವೇ ಸಾಕ್ಷಿ. 1889ರ ಜೂನ್ 12ರಂದು ಆರ್ಮಾ ಎಂಬ ಊರಿನಿಂದ ಸಮುದ್ರತೀರಕ್ಕೆ ವಿಹಾರ ಹೊರಟ ಗಾಡಿಯಲ್ಲಿ ಮಕ್ಕಳು ಕಿಕ್ಕಿರಿದಿದ್ದರು. ಏರಿನಲ್ಲಿ ಎಂಜಿನ್ನು ಸೋತು ನಿಂತಿತು. ಗಾಡಿಯನ್ನು ಎರಡು ಭಾಗ ಮಾಡಿ ಮುಂದಿನದನ್ನು ಮೊದಲು ಎಳೆದೊಯ್ಯಲು ನಿಶ್ಚಯಿಸಿದರು. ಅದರ ಬ್ರೇಕು ನಿರ್ವಾತದಿಂದ ಕೆಲಸ ಮಾಡುವಂಥದು. ಆದರೆ ತಾನಾಗಿ ಬಿಗಿದುಕೊಳ್ಳುವಂಥದಲ್ಲ. ಕೊಂಡಿ ಕಳಚಿದೊಡನೆ ಹಿಂದಿನ ಡಬ್ಬಿಗಳಿಗೆ ಒಂದು ಕೈಬ್ರೇಕು ಹಾಗೂ ಗಾಲಿಗಳ ಹಿಂದೆ ಇರಿಸಿದ ಕೆಲವು ಕಲ್ಲುಗಳು ಮಾತ್ರ ಆಧಾರವಾಗಿ ಉಳಿದವು. ಮುಂದಿನ ಭಾಗವು ಹೊರಡುವಾಗ ತುಸು ಹಿಂದಕ್ಕೆ ಸರಿದು ತಾಗಿತು. ಕಲ್ಲುಗಳು ಪುಡಿಯಾದವು. ಡಬ್ಬಿಗಳು ಇಳಿಜಾರಿನಲ್ಲಿ ಹಿಮ್ಮುಖವಾಗಿ ಧಾವಿಸಿ, ಹಿಂದಿನಿಂದ ಬರುತ್ತಿದ್ದ ಮತ್ತೊಂದು ಗಾಡಿಗೆ ಅಪ್ಪಳಿಸಿದವು. ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಗಾಡಿಗಳಿಗೆಲ್ಲ ತಾನಾಗಿ ಬಿಗಿಯುವ ಬ್ರೇಕು ಇರಲೇಬೇಕೆಂದು ಶಾಸನ ಮಾಡಿತು. ವೆಸ್ಟಿಂಗ್‌ಹೌಸನ ಸ್ವಯಂಚಾಲಿತ ಬ್ರೇಕು ಬಂದು ಆಗಲೇ 17 ವರ್ಷಗಳಾಗಿದ್ದವು.

ಅವನ ಬ್ರೇಕಿಗೂ ಸೋಲು ಎದುರಾಗದಿರಲಿಲ್ಲ. 1886 ಮತ್ತು 1887ರಲ್ಲಿ ಅಯೋವಾ ಸಂಸ್ಥಾನದ ಬರ್ಲಿಂಗ್‌ಟನ್ ಬಳಿ 50 ಡಬ್ಬಿಗಳ ಸರಕುಗಾಡಿಗಳ ಮೇಲೆ ಹಲವು ಕಂಪನಿಗಳ ಬ್ರೇಕುಗಳ ಪರೀಕ್ಷೆ ನಡೆಯಿತು. ಅರ್ಧ ಕಿಲೋಮೀಟರಿಗೆ ಮೀರಿದ ಅಂತಹ ಗಾಡಿಯಲ್ಲಿ ಮುಂದಿನ ಡಬ್ಬಿಗಳು ನಿಲ್ಲತೊಡಗಿದರೂ ಹಿಂದಿನವುಗಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ! ಅವು ಮುಂದಿನವುಗಳ ಮೇಲೆ ಬಂದೆರಗಿ, ಒಳಗಿದ್ದವರನ್ನು ಕೆಡವಿಬಿಡುತ್ತಿದ್ದವು. ಗಾಳಿಯೊಂದರಿಂದಲೇ ಈ ಕೆಲಸ ಸಾಗದು, ವಿದ್ಯುತ್ತಿನ ನೆರವು ಬೇಕೆಂದು ಪರೀಕ್ಷಕರು ಅಭಿಪ್ರಾಯಪಟ್ಟರು. ವೆಸ್ಟಿಂಗ್‌ಹೌಸನು ವಾದಕ್ಕೆ ನಿಲ್ಲಲಿಲ್ಲ. ಕವಾಟವನ್ನು ಬಿಚ್ಚಿ ಮತ್ತೆ ಕೆಲಸಕ್ಕೆ ಕುಳಿತನು. ಪ್ರತಿ ಡಬ್ಬಿಯೂ ತನ್ನ ಬಳಿಯಲ್ಲೇ ಕೊಳವೆಯ ಗಾಳಿಯನ್ನು ಬರಿದುಮಾಡಿಕೊಂಡು ಹಿಂದಿನ ಡಬ್ಬಿಯನ್ನು ಎಚ್ಚರಿಸುವಂತೆ ಅದನ್ನು ತಿದ್ದಿದನು. ಕೆಲವೇ ತಿಂಗಳುಗಳಲ್ಲಿ, ಐವತ್ತನೆಯ ಡಬ್ಬಿಯ ಬ್ರೇಕೂ ಎರಡು ಮೂರು ಸೆಕೆಂಡುಗಳಲ್ಲಿ ಬಿಗಿಯತೊಡಗಿತು. ಆ 50 ಡಬ್ಬಿಗಳ ಗಾಡಿಯನ್ನೇ ಅವನ ಕಂಪನಿಯು ಊರೂರಿಗೆ ಒಯ್ದು ಪ್ರದರ್ಶಿಸಿತು.

ಆದರೂ ಸರಕುಗಾಡಿಗಳಿಗೆ ಈ ಬ್ರೇಕನ್ನು ಅಳವಡಿಸಲು ಅನೇಕ ಮಾಲೀಕರು ಹಿಂದೆಗೆಯುತ್ತಲೇ ಇದ್ದರು. ಬ್ರೇಕಿಗೆ ಬೆಲೆಯುಂಟು, ಬ್ರೇಕ್‌ಮನ್ ಸತ್ತರೆ ಮತ್ತೊಬ್ಬನು ಸಿಗುತ್ತಾನೆ. ಕಟುವಾದ ಮಾತಾದರೂ ಅವರ ಲೆಕ್ಕಾಚಾರ ಇದೇ ಆಗಿತ್ತು. 1893ರ ಜೂನ್ ತಿಂಗಳಿಗೆ ಮುಗಿದ ಒಂದೇ ವರ್ಷದಲ್ಲಿ ಅಮೆರಿಕದ ರೈಲುಗಳಲ್ಲಿ ಸತ್ತ ಕೆಲಸಗಾರರ ಸಂಖ್ಯೆ 2,727. ಅಯೋವಾದ ಲೊರೆಂಜೊ ಕಾಫಿನ್ ಎಂಬ ರೈತನು ಈ ಅನ್ಯಾಯವನ್ನು ಸಹಿಸದೆ ವರ್ಷಗಳ ಕಾಲ ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಶಾಸಕರ ಮುಂದೆ ಹೋರಾಡಿದನು. ಕೊನೆಗೆ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನನು ಸಹಿ ಮಾಡಿದ ಕಾಯಿದೆಯು ಗಾಳಿಬ್ರೇಕನ್ನೂ, ಡಬ್ಬಿಗಳನ್ನು ತಾನಾಗಿ ಕೂಡಿಸುವ ಕೊಂಡಿಯನ್ನೂ ಕಡ್ಡಾಯಗೊಳಿಸಿತು. ಯಂತ್ರವನ್ನು ಕಟ್ಟಿದವನಿಗೆ ಸಲ್ಲುವ ಕೀರ್ತಿಯಲ್ಲಿ ಈ ರೈತನಿಗೂ ಒಂದು ಪಾಲು ಸಲ್ಲಬೇಕು.

ವೆಸ್ಟಿಂಗ್‌ಹೌಸನ ಉಳಿದ ಸಾಧನೆಗಳೂ ಕಡಿಮೆಯವಲ್ಲ. ಅವನು ರೈಲು ಸಂಕೇತಗಳನ್ನು ಸುಧಾರಿಸಿದನು. ನಿಕೊಲಾ ಟೆಸ್ಲಾನ ಪೇಟೆಂಟುಗಳನ್ನು ಕೊಂಡು ಪರ್ಯಾಯ ವಿದ್ಯುತ್ತನ್ನು ಎಡಿಸನ್ನನ ವಿರೋಧದ ನಡುವೆಯೂ ಜನಬಳಕೆಗೆ ತಂದನು. ನಯಾಗರಾ ಜಲಪಾತದ ಶಕ್ತಿಯನ್ನು ದೂರದ ನಗರಕ್ಕೆ ಸಾಗಿಸುವ ಯಂತ್ರಗಳನ್ನು ಅವನ ಕಂಪನಿ ಒದಗಿಸಿತು. 300ಕ್ಕೂ ಹೆಚ್ಚು ಪೇಟೆಂಟುಗಳು ಅವನ ಹೆಸರಿನಲ್ಲಿದ್ದವು. ಶನಿವಾರದ ಮಧ್ಯಾಹ್ನ ಕೆಲಸಗಾರರಿಗೆ ಬಿಡುವು ಕೊಟ್ಟ ಮೊದಮೊದಲ ಮಾಲೀಕರಲ್ಲಿ ಅವನೊಬ್ಬನು. 1907ರ ಹಣಕಾಸಿನ ಬಿಕ್ಕಟ್ಟಿನಲ್ಲಿ ವಿದ್ಯುತ್ ಕಂಪನಿಯ ಆಡಳಿತವು ಅವನ ಕೈತಪ್ಪಿತು.

ಬ್ರಿಟನ್ನಿನ ಬಹುಪಾಲು ರೈಲು ಕಂಪನಿಗಳು ತಾನಾಗಿ ಬಿಗಿಯುವ ನಿರ್ವಾತ ಬ್ರೇಕನ್ನು ಆರಿಸಿಕೊಂಡವು. ಭಾರತದ ರೈಲುಗಳಲ್ಲಿಯೂ ಬಹುಕಾಲ ಅದೇ ನಡೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಈಚೆಗೆ ಗಾಳಿಬ್ರೇಕು ಕ್ರಮೇಣ ಅದರ ಸ್ಥಾನವನ್ನು ಪಡೆಯಿತು. ಅಪಾಯದ ವೇಳೆ ಪ್ರಯಾಣಿಕರು ಎಳೆಯುವ ಸರಪಣಿಯು ಮಾಡುವ ಕೆಲಸವೂ ಇಷ್ಟೇ: ಡಬ್ಬಿಯ ಕೊಳವೆಯಿಂದ ಗಾಳಿಯನ್ನು ಹೊರಬಿಡುವುದು. ಬಸ್ಸು, ಲಾರಿಗಳು ನಿಂತು ಹೊರಡುವಾಗ ಬುಸ್ಸೆಂದು ಕೇಳುವ ಸದ್ದೂ ಬ್ರೇಕಿನಿಂದ ಹೊರಬಿದ್ದ ಗಾಳಿಯದೇ.

ಜಾರ್ಜ್ ವೆಸ್ಟಿಂಗ್‌ಹೌಸನು 1914ರ ಮಾರ್ಚ್ 12ರಂದು ನ್ಯೂಯಾರ್ಕ್ ನಗರದಲ್ಲಿ ತೀರಿಕೊಂಡನು. ಅವನ ಸಮಾಧಿ ಇರುವುದು ಆರ್ಲಿಂಗ್‌ಟನ್ನಿನ ರಾಷ್ಟ್ರೀಯ ರುದ್ರಭೂಮಿಯಲ್ಲಿ. ಹದಿಹರೆಯದಲ್ಲಿ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದವನೆಂಬ ಕಾರಣಕ್ಕೆ, ಯೋಧರ ನಡುವೆ ಅವನಿಗೆ ಅಲ್ಲಿ ಸ್ಥಳ ದೊರೆಯಿತು.