ರಸ್ತೆಯ ಲೆಕ್ಕ ಇಟ್ಟ ಮೆಕ್ಯಾಡಮ್

ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ. ಪೀಠಿಕೆಗೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದೆ: ಬಂಡೆಯ ಮೇಲೆ ಹಾಕಿದ ರಸ್ತೆ ಬೇಗ ಸವೆಯುತ್ತದೋ, ಜೌಗು ನೆಲದ ಮೇಲಿನದೋ? ಜೌಗು ನೆಲದ್ದು ಎಂದು ಇಡೀ ತರಗತಿ ಕೂಗಿತು. ಓದುವ ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ಹಾಗಾಗಿ ಜಾನ್ ಲೌಡನ್ ಮೆಕ್ಯಾಡಮ್ ಅವರ ಕಥೆ ಹೇಳಿದೆ.

ಅವರು ಹುಟ್ಟಿದ್ದು 1756ರಲ್ಲಿ, ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. ತಂದೆ ತೀರಿಕೊಂಡ ಮೇಲೆ ನ್ಯೂಯಾರ್ಕಿನ ಬಂಧುವಿನ ಬಳಿ ಹೋಗಿ ವ್ಯಾಪಾರ ಕಲಿತರು. 1783ರಲ್ಲಿ ಊರಿಗೆ ಮರಳಿ, ಸುಂಕದ ರಸ್ತೆಗಳ ಟ್ರಸ್ಟಿಯಾದರು. ಎಂಜಿನಿಯರಿಂಗ್ ಓದಿದವರಲ್ಲ. ಆದರೆ ರಸ್ತೆ ಯಾಕೆ ಕೆಡುತ್ತದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1798ರಿಂದ 1814ರವರೆಗೆ ಸ್ವಂತ ಖರ್ಚಿನಲ್ಲಿ, 5,000 ಪೌಂಡಿಗೂ ಹೆಚ್ಚು ಕಳೆದುಕೊಂಡು, ಸುಮಾರು 30,000 ಮೈಲಿ ಸುತ್ತಿ ಬ್ರಿಟನ್ನಿನ ರಸ್ತೆಗಳನ್ನು ನೋಡಿದರು. ದುರಸ್ತಿಗೆ ಕೈಹಾಕುವ ಮೊದಲು ಹದಿನಾರು ವರ್ಷದ ನೋಟ! ನಾವು ಎರಡು ಪಾಠ ವೀಕ್ಷಿಸಿ ಮೂರನೆಯದನ್ನು ಮಾಡಲು ನಿಲ್ಲುತ್ತೇವೆ.

ಎಷ್ಟೋ ಕಡೆ ರಸ್ತೆಗೆ ಕಲ್ಲಿನ ಕೊರತೆ ಇರಲಿಲ್ಲ. ದಪ್ಪ ಗುಂಡುಕಲ್ಲಿನ ಜೊತೆ ಮಣ್ಣು ಬೆರೆತು ನೀರು ಒಳಗಿಳಿಯುತ್ತಿತ್ತು. ಭಾರ ಹೊರುವುದು ಒಣ ನೆಲ, ಕಲ್ಲು ಅದರ ಮೇಲಿನ ಚಾವಣಿ ಮಾತ್ರ ಎಂದು ಅವರು ಕಂಡುಕೊಂಡರು. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಸರ್ವೇಯರ್ ಆದಾಗ ಹಳೆಯ ಕಲ್ಲನ್ನೇ ಅಗೆಸಿ, ಆರು ಔನ್ಸಿಗಿಂತ (ಸುಮಾರು 170 ಗ್ರಾಂ) ಹೆಚ್ಚು ತೂಗದ ಜಲ್ಲಿಯಾಗಿ ಒಡೆಸಿ, ಪಕ್ಕದ ನೆಲಕ್ಕಿಂತ ಎತ್ತರಿಸಿ ಹರಡಿಸಿದರು. ಮೂಲೆಗಳಿರುವ ಚೂರುಗಳು ಗಾಡಿಯ ಭಾರಕ್ಕೆ ಒಂದರೊಳಗೊಂದು ಕಚ್ಚಿಕೊಂಡವು.

ಅಷ್ಟಕ್ಕೇ ಬಿಡಲಿಲ್ಲ. ಬ್ರಿಸ್ಟಲ್‌ನಿಂದ ಬ್ರಿಜ್‌ವಾಟರ್ ಕಡೆಗಿನ ದಾರಿಯಲ್ಲಿ ಒಂದಷ್ಟು ಭಾಗ ಗಾಡಿ ಹೋದರೆ ನಡುಗುವ ಜೌಗು ನೆಲ, ಒಂದಷ್ಟು ಸುಣ್ಣಕಲ್ಲಿನ ಬಂಡೆ. ಎರಡಕ್ಕೂ ಆಗುವ ದುರಸ್ತಿಯ ಲೆಕ್ಕವನ್ನು ಬೇರೆಬೇರೆ ಬರೆಸಿದರು. ಜೌಗಿನ ಮೇಲೆ ಐದು ಪಾಲು ಸವೆದರೆ ಬಂಡೆಯ ಮೇಲೆ ಏಳು ಪಾಲು! ಕೆಳಗಿನ ನೆಲ ಸ್ವಲ್ಪವೂ ಬಗ್ಗದಿದ್ದರೆ ಚಕ್ರದ ಪೆಟ್ಟನ್ನೆಲ್ಲ ಜಲ್ಲಿಯೇ ತಿನ್ನಬೇಕು. ಅವರು 1836ರಲ್ಲಿ ಮಾಫೆಟ್‌ನಲ್ಲಿ ತೀರಿಕೊಂಡರು.

ಅವಧಿ ಮುಗಿಯಿತು. ಒತ್ತಡದ ಸೂತ್ರ ಹಲಗೆಯ ಮೇಲೆ ಬರಲೇ ಇಲ್ಲ. ಉದ್ದೇಶ ಈಡೇರಿಲ್ಲ ಎಂದು ವೀಕ್ಷಕರು ಬರೆದರು, ಅದು ಸರಿಯೇ. ಮಾರನೆಯ ದಿನ ಹಿಂದಿನ ಬೆಂಚಿನ ಹುಡುಗ ನೋಟ್‌ಬುಕ್ ತಂದ. ಶಾಲೆಯ ಮುಂದಿನ ಗುಂಡಿಗಳನ್ನೆಲ್ಲ ಸ್ಕೇಲಿನಿಂದ ಅಳೆದಿದ್ದ. ಹನ್ನೊಂದು ಗುಂಡಿ. ನಲ್ಲಿಯ ನೀರು ಹರಿಯುವ ಕಡೆಯದೇ ಎಲ್ಲಕ್ಕಿಂತ ಆಳ.