ಜಾನ್ ಷರ್ಮನ್ನನೂ ಆತನ ಹೆಸರಿನ ಶಾಸನವೂ

2024ನೆಯ ಇಸವಿ ಆಗಸ್ಟ್ 5ರಂದು ವಾಷಿಂಗ್ಟನ್ ನಗರದ ನ್ಯಾಯಾಸ್ಥಾನದಲ್ಲಿ, ಗುಜರಾತದ ಪಾಟಣದಲ್ಲಿ ಹುಟ್ಟಿ ಅಮೇರಿಕದ ನ್ಯಾಯಪೀಠವನ್ನೇರಿದ ಅಮಿತ್ ಮೆಹತಾ ಅವರು, ಅಂತರ್ಜಾಲದ ಶೋಧವ್ಯವಹಾರದಲ್ಲಿ ಗೂಗಲ್ ಕಂಪನಿಯು ತನ್ನ ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡಿತೆಂದು ತೀರ್ಪಿತ್ತರು. ಆ ತೀರ್ಪಿಗೆ ಆಧಾರವಾದ ಶಾಸನವು ವಿದ್ಯುದ್ದೀಪವೇ ಹೊಸತೆನಿಸಿದ್ದ 1890ರದು. ಅದಕ್ಕೆ ಹೆಸರು ಕೊಟ್ಟ ಜಾನ್ ಷರ್ಮನ್ನನು ತನ್ನ ಕಾಲದಲ್ಲಿ ಜಗತ್ಪ್ರಸಿದ್ಧನಾದ ರಾಜಕಾರಣಪಟು. ಇಂದು ಆತನ ಅಣ್ಣ ಸೇನಾಪತಿ ವಿಲಿಯಂ ಷರ್ಮನ್ನನನ್ನು ಬಲ್ಲವರೇ ಹೆಚ್ಚು. ಶಾಸನವು ಗ್ರಂಥದಲ್ಲಿರುವುದು ಬೇರೆ, ಪ್ರಬಲರ ಮೇಲೆ ನಡೆಯುವುದು ಬೇರೆ ಎಂಬುದು ಈತನ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಷರ್ಮನ್ನನು 1823ನೆಯ ಇಸವಿ ಮೇ 10ರಂದು ಓಹಾಯೋ ಸಂಸ್ಥಾನದ ಲಂಕಾಸ್ಟರ್ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಸ್ಥಾನದ ನ್ಯಾಯಾಧೀಶನಾಗಿದ್ದನು. ಹುಡುಗನಿಗೆ ಆರು ವರ್ಷವಾಗಿದ್ದಾಗ ತಂದೆಯು ತೀರಿಕೊಳ್ಳಲು, ಹನ್ನೊಂದು ಮಕ್ಕಳ ಸಂಸಾರದಲ್ಲಿ ಕೆಲವರು ನಂಟರಿಷ್ಟರ ಆಶ್ರಯಕ್ಕೆ ಹೋಗಬೇಕಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಮಸ್ಕಿಂಗಮ್ ನದಿಯ ಕಾಮಗಾರಿಯಲ್ಲಿ ಅಳತೆಯ ಕೋಲು ಹಿಡಿಯುವ ಕೆಲಸಕ್ಕೆ ಸೇರಿದನು. ಅಧಿಕಾರವು ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋದಾಗ ಆ ಕೆಲಸವೂ ತಪ್ಪಿತು. ಆಮೇಲೆ ಮ್ಯಾನ್ಸ್‌ಫೀಲ್ಡ್ ಊರಿನಲ್ಲಿ ವಕೀಲನಾಗಿದ್ದ ಅಣ್ಣನ ಬಳಿ ಕಾಯಿದೆಯನ್ನೋದಿ 1844ರಲ್ಲಿ ಸನ್ನದು ಪಡೆದನು.

ಗುಲಾಮಗಿರಿಯ ವಿಸ್ತರಣವನ್ನು ವಿರೋಧಿಸಿ 1855ರಲ್ಲಿ ಪ್ರತಿನಿಧಿಸಭೆಯನ್ನು ಪ್ರವೇಶಿಸಿದ ಈತನು 1861ರಲ್ಲಿ ಸೆನೆಟ್ ಸದಸ್ಯನಾದನು. ಹಣಕಾಸಿನಲ್ಲಿ ಈತನಿಗೆ ಸಮಾನರು ಕೆಲವರೇ. ಅಂತರ್ಯುದ್ಧದ ಖರ್ಚಿಗಾಗಿ ಹೊರಡಿಸಿದ ಕಾಗದದ ನೋಟುಗಳಿಗೆ ಚಿನ್ನ ಕೊಡುವ ಕಾರ್ಯವು ಖಜಾನೆಯ ಮಂತ್ರಿಯಾಗಿದ್ದ ಈತನ ಪಾಲಿಗೆ ಬಂದಿತು. ಗಡುವಾಗಿದ್ದ 1879ರ ಜನವರಿ 1 ಸಮೀಪಿಸಿದಂತೆ, ಜನರು ಮುಗಿಬಿದ್ದು ಬೊಕ್ಕಸವನ್ನು ಬರಿದು ಮಾಡುವರೆಂದು ಅನೇಕರು ಹೆದರಿಸಿದರು. ಷರ್ಮನ್ನನು ಮೊದಲೇ ಚಿನ್ನವನ್ನು ಶೇಖರಿಸಿಟ್ಟಿದ್ದನು. ಚಿನ್ನವು ಸಿದ್ಧವಾಗಿದೆಯೆಂದು ತಿಳಿದ ಮೇಲೆ ಅದನ್ನು ಕೇಳಲು ಬಂದವರು ಕೆಲವರೇ! ಸರಕಾರದ ಮಾತಿನ ಹಿಂದೆ ಬಲವಿರಬೇಕೆಂಬ ತತ್ತ್ವವನ್ನು ಹೀಗೆ ಪ್ರಯೋಗದಿಂದ ತೋರಿಸಿದವನೇ ತನ್ನ ಹೆಸರಿನ ಶಾಸನದ ವಿಷಯದಲ್ಲಿ ಅದನ್ನು ಮರೆತನಲ್ಲಾ ಎಂಬುದೇ ನಮ್ಮ ವ್ಯಸನ.

ರಾಷ್ಟ್ರಾಧ್ಯಕ್ಷ ಪದವಿಯ ಅಭ್ಯರ್ಥಿಯಾಗಲು ಮೂರು ಸಲ ಆಶಿಸಿದನು, ಮೂರು ಸಲವೂ ಸೋತನು. 1880ರಲ್ಲಿ ಈತನ ಪರವಾಗಿ ವಾದಿಸಲು ಹೋದ ಗಾರ್ಫೀಲ್ಡನೇ ಅಭ್ಯರ್ಥಿಯಾಗಿ ಹಿಂತಿರುಗಿದನು.

ಅಷ್ಟರಲ್ಲಿ ಷರ್ಮನ್ನನ ಸ್ವಂತ ಸಂಸ್ಥಾನದಲ್ಲಿಯೇ ಹೊಸ ಬಗೆಯ ಪ್ರಭುತ್ವವೊಂದು ತಲೆಯೆತ್ತಿತ್ತು. ರಾಕ್‌ಫೆಲ್ಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ರೈಲ್ವೆಗಳಿಂದ ಗುಟ್ಟಾಗಿ ಬಾಡಿಗೆಯ ರಿಯಾಯಿತಿ ಪಡೆಯುತ್ತಿತ್ತು. 1872ರಲ್ಲಿ ಕ್ಲೀವ್‌ಲೆಂಡ್ ನಗರದ 26 ಪ್ರತಿಸ್ಪರ್ಧಿಗಳ ಪೈಕಿ 22 ಮಂದಿ ಕೆಲವೇ ವಾರಗಳಲ್ಲಿ ತಮ್ಮ ಕಾರ್ಖಾನೆಗಳನ್ನು ಅದಕ್ಕೆ ಒಪ್ಪಿಸಿದರು. ಎಣ್ಣೆಯನ್ನು ಚೆನ್ನಾಗಿ ಶುದ್ಧಿಮಾಡಬಲ್ಲವನು ಯಾರೆಂಬುದು ಮುಖ್ಯವಾಗಿರಲಿಲ್ಲ. ಗಿರಾಕಿಯ ಬಳಿಗೆ ಅದನ್ನೊಯ್ಯುವ ದಾರಿಯು ಯಾರ ವಶದಲ್ಲಿದೆಯೆಂಬುದೇ ಮುಖ್ಯವಾಗಿತ್ತು. ಸಕ್ಕರೆ, ಮದ್ಯ, ಬೆಂಕಿಕಡ್ಡಿಗಳಲ್ಲಿಯೂ ಇಂಥ ವರ್ತಕಕೂಟಗಳು ಎದ್ದುವು. ರೈತರ ಕೂಗು ಕಾಂಗ್ರೆಸ್ಸಿನ ಬಾಗಿಲಿಗೆ ಮುಟ್ಟಿತು.

1890ರ ಮಾರ್ಚಿಯಲ್ಲಿ ಷರ್ಮನ್ನನು ಸೆನೆಟಿನಲ್ಲಿ ಎದ್ದು, ರಾಜ್ಯಾಡಳಿತದಲ್ಲಿ ಅರಸನನ್ನು ಸಹಿಸದ ಜನರು ಜೀವನಾವಶ್ಯಕ ವಸ್ತುಗಳ ಮೇಲೂ ಅರಸನನ್ನು ಸಹಿಸಲಾಗದೆಂದು ವಾದಿಸಿದನು. ಆತನ ಮಸೂದೆಯನ್ನು ನ್ಯಾಯಸಮಿತಿಯು ಬಹುಮಟ್ಟಿಗೆ ಹೊಸದಾಗಿ ಬರೆಯಿತು. ಆ ಲೇಖನಿ ಎಡ್ಮಂಡ್ಸ್ ಮತ್ತು ಹೋರ್ ಎಂಬ ಸದಸ್ಯರದು. ಸೆನೆಟಿನಲ್ಲಿ 51ಕ್ಕೆ 1, ಪ್ರತಿನಿಧಿಸಭೆಯಲ್ಲಿ 242ಕ್ಕೆ ಸೊನ್ನೆ ಮತಗಳಿಂದ ಅದು ಅಂಗೀಕೃತವಾಗಿ, ಜುಲೈ 2ರಂದು ಅಧ್ಯಕ್ಷ ಹ್ಯಾರಿಸನ್ನನ ರುಜು ಬಿದ್ದಿತು. ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದಗಳು ಅಪರಾಧ. ಏಕಸ್ವಾಮ್ಯವನ್ನು ಸಾಧಿಸಲೆಳಸುವುದೂ ಅಪರಾಧ. ತಪ್ಪಿದವರಿಗೆ 5,000 ಡಾಲರುಗಳವರೆಗೆ ದಂಡ, ಒಂದು ವರ್ಷದವರೆಗೆ ಸೆರೆ. ಇಷ್ಟು ಸುಲಭವಾಗಿ ಎಲ್ಲರೂ ಒಪ್ಪಿದ ಶಾಸನವನ್ನು ಕಂಡರೆ ಶಂಕೆ ಹುಟ್ಟುವುದು ಸಹಜ. ಮೂರು ತಿಂಗಳ ತರುವಾಯ ಬಂದ ಭಾರೀ ಆಮದು ಸುಂಕದ ಕಾಯಿದೆಗೆ ಇದೊಂದು ತೆರೆಯೆಂದು ಟೀಕಾಕಾರರು ಆಗಲೇ ಆಡಿದರು.

ಶಾಸನವಾಯಿತು, ನಡೆಸುವವರು ಯಾರು? ಕಾಂಗ್ರೆಸ್ಸು ಅದಕ್ಕಾಗಿ ಪ್ರತ್ಯೇಕವಾಗಿ ಹಣವನ್ನು ತೆಗೆದಿಟ್ಟದ್ದು 1903ರಲ್ಲಿ, ಐದು ಲಕ್ಷ ಡಾಲರು. 1893ರಿಂದ ಎರಡು ವರ್ಷ ಅಟಾರ್ನಿ ಜನರಲ್ ಆಗಿದ್ದ ಓಲ್ನಿ ಎಂಬಾತನು ಹಿಂದೆ ರೈಲ್ವೆಗಳ ವಕೀಲ, ಮದ್ಯದ ಕೂಟದ ಪರವಾಗಿ ಇದೇ ಶಾಸನದ ವಿರುದ್ಧ ವಾದಿಸಿದವನು. ಕಳ್ಳನ ವಕೀಲನಿಗೇ ಕಾವಲಿನ ಕೋಲು! ದೇಶದ ಸಕ್ಕರೆಯ ಶುದ್ಧೀಕರಣದಲ್ಲಿ ನೂರಕ್ಕೆ 98 ಪಾಲನ್ನು ವಶಪಡಿಸಿಕೊಂಡಿದ್ದ ಕೂಟದ ಮೇಲಿನ ಮೊಕದ್ದಮೆಯು 1895ರಲ್ಲಿ ಬಿದ್ದುಹೋಯಿತು. ಸಕ್ಕರೆಯನ್ನು ತಯಾರಿಸುವುದು ವ್ಯಾಪಾರವಲ್ಲವೆಂದು ಸುಪ್ರೀಂ ಕೋರ್ಟು ಅರ್ಥಮಾಡಿತು. ಆದರೆ 1894ರಲ್ಲಿ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ, ಅವರ ನಾಯಕ ಡೆಬ್ಸನ ವಿರುದ್ಧ ತಡೆಯಾಜ್ಞೆ ತರಲು ಓಲ್ನಿಯ ಇಲಾಖೆಗೆ ಈ ಶಾಸನವು ಚೆನ್ನಾಗಿ ನೆನಪಾಯಿತು. ವರ್ತಕರಿಗೆಂದು ಹೆಣೆದ ಬಲೆಯಲ್ಲಿ ಕೂಲಿಯವನು ಸಿಕ್ಕಿದನು.

ಷರ್ಮನ್ನನ ಕೊನೆಯ ದಿನಗಳು ಸುಖದವಲ್ಲ. 1897ರಲ್ಲಿ ಅವನನ್ನು ವಿದೇಶಾಂಗ ಮಂತ್ರಿಯನ್ನಾಗಿ ಮಾಡಿದರು. ಸಿರಿವಂತ ಉದ್ಯಮಿ ಮಾರ್ಕ್ ಹ್ಯಾನನಿಗೆ ಸೆನೆಟಿನ ಸ್ಥಾನವನ್ನು ತೆರವು ಮಾಡಿಸಲೆಂದೇ ಇದೆಂದು ಲೋಕವು ಆಡಿಕೊಂಡಿತು. ನೆನಪು ಕುಂದುತ್ತಿತ್ತು. ಸ್ಪೇನಿನೊಡನೆ ಯುದ್ಧ ಆರಂಭವಾದಾಗ, 1898ರ ಏಪ್ರಿಲಿನಲ್ಲಿ, ರಾಜೀನಾಮೆಯಿತ್ತನು. 1900ರ ಅಕ್ಟೋಬರ್ 22ರಂದು ವಾಷಿಂಗ್ಟನ್ನಿನಲ್ಲಿ ಆತನು ಕಣ್ಮುಚ್ಚಿದಾಗ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯು ಅಖಂಡವಾಗಿತ್ತು. ಅದು 34 ಕಂಪನಿಗಳಾಗಿ ಒಡೆಯಬೇಕೆಂಬ ಆಜ್ಞೆಯು 1911ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸ್ಥಿರವಾಯಿತು.

ಶತಮಾನ ಕಳೆದು ಇದೇ ಶಾಸನವನ್ನು ಗಣಕಯಂತ್ರದ ವ್ಯಾಪಾರಕ್ಕೆ ಪ್ರಯೋಗಿಸಿದಾಗ ಕಷ್ಟವು ಬೇರೆಯಾಗಿತ್ತು. ಎಣ್ಣೆಗೆ ಬೆಲೆಯುಂಟು; ಶೋಧಕ್ಕೆ ಬಳಕೆದಾರನು ಕಾಸು ಕೊಡುವುದಿಲ್ಲ. ಹಾಗಾದರೆ ಸುಲಿಗೆ ಎಲ್ಲಿ? ಜನರು ಹೆಚ್ಚಿದಷ್ಟೂ ಅವರ ಪ್ರಶ್ನೆಗಳಿಂದ ಯಂತ್ರವು ಕಲಿಯುತ್ತದೆ. ಕಲಿತಷ್ಟೂ ಜನರು ಹೆಚ್ಚುತ್ತಾರೆ. ಹೊಸಬನಿಗೆ ಪ್ರವೇಶವೇ ಇಲ್ಲ. ಜಾಹೀರಾತುದಾರರು ತೆರುವ ಹಣವೇ ಇಲ್ಲಿಯ ಸುಂಕ. ತಾನೇ ಮೊದಲ ಶೋಧಯಂತ್ರವಾಗಿರಬೇಕೆಂದು ಗೂಗಲ್ ಕಂಪನಿಯು ಫೋನು ಮಾಡುವವರಿಗೂ ಇತರರಿಗೂ 2021ರಲ್ಲಿ 2,630 ಕೋಟಿ ಡಾಲರು ತೆತ್ತಿತೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ರೈಲ್ವೆಗಳು ರಾಕ್‌ಫೆಲ್ಲರನಿಗೆ ಕೊಟ್ಟವು. ಗೂಗಲ್ ಬಾಗಿಲು ಕಾಯುವವರಿಗೆ ಕೊಟ್ಟಿತು. ಹಣದ ದಿಕ್ಕು ಬದಲಾಯಿತೇ ಹೊರತು ದಾರಿಯನ್ನು ಕಟ್ಟುವ ಉಪಾಯವು ಹಳೆಯದೇ.

ಶಿಕ್ಷೆಯ ಕಥೆ ಮಾತ್ರ ಹಿಂದಿನಂತೆ ಅನಿಶ್ಚಿತ. ಮೈಕ್ರೋಸಾಫ್ಟ್ ಕಂಪನಿಯನ್ನು ಒಡೆಯಬೇಕೆಂದು 2000ದಲ್ಲಿ ಬಂದ ಆಜ್ಞೆಯು ಮರುವರ್ಷ ಮೇಲ್ಮನವಿಯಲ್ಲಿ ರದ್ದಾಯಿತು, ಅಪರಾಧವು ಮಾತ್ರ ಉಳಿಯಿತು. 2020ರಲ್ಲಿ ಹೂಡಿದ ಗೂಗಲ್ ಮೊಕದ್ದಮೆಯಲ್ಲಿ 2025ರ ಸೆಪ್ಟೆಂಬರಿನಲ್ಲಿ ಪರಿಹಾರವನ್ನು ವಿಧಿಸಿದ ಮೆಹತಾ ಅವರು ಏಕಾಂಗೀ ಒಪ್ಪಂದಗಳನ್ನು ನಿಷೇಧಿಸಿ, ಶೋಧದ ಕೆಲವು ಮಾಹಿತಿಯನ್ನು ಪ್ರತಿಸ್ಪರ್ಧಿಗಳೊಡನೆ ಹಂಚಿಕೊಳ್ಳಲು ಆಜ್ಞಾಪಿಸಿದರು. ಕ್ರೋಮ್ ವಿಭಾಗವನ್ನು ಮಾರಿಸಲು ಒಪ್ಪಲಿಲ್ಲ, ಹಣ ಕೊಡುವುದನ್ನೂ ಪೂರ್ತಿಯಾಗಿ ತಡೆಯಲಿಲ್ಲ. ಐದು ವರ್ಷಗಳಲ್ಲಿ ಮಾರುಕಟ್ಟೆಯೇ ಮುಂದೆ ಸಾಗಿತ್ತು.

ನಮ್ಮ ದೇಶದ ಕಾಯಿದೆಯು 2002ರದು. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಸಲಕರಣೆಗಳನ್ನು ಮೊದಲೇ ಕೂಡಿಸಬೇಕೆಂದು ಬಲವಂತ ಮಾಡಿದ್ದಕ್ಕಾಗಿ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್ ಕಂಪನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಆಯೋಗದ ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ತನಿಖೆಗೆ ಆಜ್ಞೆಯಾದದ್ದು 2019ರ ಏಪ್ರಿಲಿನಲ್ಲಿ. ಇಷ್ಟು ವಿಳಂಬವನ್ನು ಕಂಡು, ತಪ್ಪು ನಡೆದ ಮೇಲೆ ಹಿಡಿಯುವ ಬದಲು ದೊಡ್ಡ ಕಂಪನಿಗಳಿಗೆ ಮೊದಲೇ ಕಟ್ಟುಪಾಡು ವಿಧಿಸಬೇಕೆಂದು ಕೇಂದ್ರ ಸರಕಾರವು ನೇಮಿಸಿದ ಸಮಿತಿಯು 2024ರ ಮಾರ್ಚಿಯಲ್ಲಿ ಕರಡು ಮಸೂದೆಯೊಂದನ್ನು ಮುಂದಿಟ್ಟಿತು.